ಭಾನುವಾರದ ತಕ್ಕಡಿ ಸಾಹೇಬ

ದೊಡ್ಡಮ್ಮ ಆ ಮಾತನ್ನು ಹೇಳಿದ್ದು ಬಸ್ಸು ತಪ್ಪಿಹೋಯಿತು ಎನ್ನುವಷ್ಟು ಹಗುರವಾಗಿ. "ಬೆಳಿಗ್ಗೆ ಹೊರಡೋ ಹೊತ್ತಿಗೆ ಈ ಕ್ಯಾಮೆರಾ ಜಾಗ ಇಲ್ಲ, ಜಾಗ ಇಲ್ಲ ಅಂತ ಗೋಳಾಡ್ತಿತ್ತು. ಆಮೇಲೆ ಏನೋ ಕೇಳ್ತು. ಹೂಂ ಅಂತ ಒತ್ತಿದೆ. ಈಗ ನೋಡು, ಬೇಕಾದಷ್ಟು ಜಾಗ." ಹೀಗೆಂದು ಕಾಲುವೆಯ ಪಕ್ಕ ಬಿದ್ದಿದ್ದ ಸೈಕಲ್ ಚಕ್ರದ ಮುಂದೆ ಮಂಡಿ ಹಿಡಿದುಕೊಂಡು ಬಗ್ಗಿ, ಒಂದು ಫೋಟೋ ತೆಗೆದರು. ಸಮಾಧಾನವಾಗಲಿಲ್ಲವೆಂದು ಇನ್ನೊಂದು ತೆಗೆದರು. ಪಕ್ಕದಲ್ಲಿ ನಡೆಯುತ್ತಿದ್ದ ಅವನು ನಿಂತುಬಿಟ್ಟ. ದೊಡ್ಡಮ್ಮ ಅವನಿಗೆ ಸಂಬಂಧದಲ್ಲಿ ಏನೂ ಅಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದವರು. ಭಾನುವಾರದ ಗುಂಪಿನವರೆಲ್ಲ ಹಾಗೆ ಕರೆಯುತ್ತಾರೆಂದು ಅವನೂ ಕರೆಯುತ್ತಿದ್ದ. ಗುಂಪು ಎಂದರೆ ನಾಲ್ಕೇ ಜನ. ಎಲ್ಲರಿಗಿಂತ ಮುಂದೆ ನಡೆಯುವ ಡ್ರಾಯಿಂಗ್ ಮೇಷ್ಟ್ರು ವಾರಕ್ಕೊಂದು ವಿಷಯ ಕೊಡುತ್ತಾರೆ, ಉಳಿದವರು ಬೆಳಗಿನ ಬಿಸಿಲಲ್ಲಿ ನಡೆಯುತ್ತ ಅದನ್ನೇ ಹುಡುಕಿ ಫೋಟೋ ತೆಗೆಯಬೇಕು. ಈ ವಾರದ ವಿಷಯ, ಸೊಟ್ಟಗಿರುವುದು. ಲೋಕದಲ್ಲಿ ನೆಟ್ಟಗಿರುವುದಕ್ಕಿಂತ ಸೊಟ್ಟಗಿರುವುದೇ ಹೆಚ್ಚು ಎಂದು ಅವನಿಗೆ ಇವತ್ತೇ ಗೊತ್ತಾಗಬೇಕಿತ್ತೆ?

"ಯಜಮಾನರು ತೆಗೆದದ್ದೆಲ್ಲ ಅದರಲ್ಲೇ ಇತ್ತಲ್ಲವಾ ದೊಡ್ಡಮ್ಮ?" ಎಂದು ಕೇಳಿದ. ಕೇಳುವಾಗ ದನಿ ಆದಷ್ಟು ಸಪ್ಪೆಯಾಗಿರುವಂತೆ ನೋಡಿಕೊಂಡ.

"ಇತ್ತು ಅಲ್ಲಪ್ಪ, ಇದೆ. ಒಳಗೆ ಎಲ್ಲೋ ಸೇರ್ಕೊಂಡಿರುತ್ತೆ. ಇಷ್ಟು ಪುಟ್ಟ ಡಬ್ಬಿ ಬಿಟ್ಟು ಎಲ್ಲಿಗೆ ಹೋಗುತ್ತೆ? ಬುಧವಾರ ಕ್ಯಾಮೆರಾ ಅಂಗಡಿಯವನ ಹತ್ರ ಹೋಗಿ ತೆಗೆಸ್ಕೋತೀನಿ."

ದೊಡ್ಡಮ್ಮ ಹೇಳಿದ್ದು ಸರಿ. ಅದೇ ಅವನಿಗೆ ಸಂಕಟವಾದದ್ದು. ಎಲ್ಲ ಅಳಿಸು ಎಂದು ಹೇಳಿದರೂ ಕಾರ್ಡು ಏನನ್ನೂ ಅಳಿಸುವುದಿಲ್ಲ, ಯಾವುದು ಎಲ್ಲಿದೆ ಎಂಬುದನ್ನು ಮರೆಯುತ್ತದೆ, ಅಷ್ಟೆ. ತೀರಿಕೊಂಡ ಗಂಡ ತೆಗೆದ ಪ್ರತಿಯೊಂದು ಫೋಟೋವೂ ಆ ಉಗುರಗಲದ ಪ್ಲಾಸ್ಟಿಕ್ಕಿನೊಳಗೆ ಇನ್ನೂ ಇದೆ. ಆದರೆ ಹೊಸದಾಗಿ ತೆಗೆದ ಒಂದೊಂದು ಫೋಟೋವೂ ಹಳೆಯದೊಂದರ ತಲೆಯ ಮೇಲೆ ಹೋಗಿ ಕೂರುತ್ತದೆ. ಕೂತರೆ ಮುಗಿಯಿತು, ಅದನ್ನು ಯಾರಪ್ಪನಿಗೂ ಎಬ್ಬಿಸಲಾಗದು. ಈಗ ನಿಲ್ಲಿಸಿದರೆ ಹೆಚ್ಚುಕಡಿಮೆ ಎಲ್ಲವನ್ನೂ ಅವನೇ ಹೊರಗೆ ತರಬಲ್ಲ. ತರಬೇಕಾದ ಲ್ಯಾಪ್‌ಟಾಪು ಅವನ ಬೆನ್ನ ಮೇಲಿನ ಚೀಲದಲ್ಲೇ, ಒಂದು ಸ್ವೆಟರಿನ ಕೆಳಗೆ ಇದೆ. ಈ ವಾರ ಕಚೇರಿಯ ಕಂಪ್ಯೂಟರ್ ಸಹಾಯವಾಣಿಗೆ ರಜೆಯ ದಿನ ಬರುವ ಕರೆಗಳನ್ನು ನೋಡಿಕೊಳ್ಳುವ ಸರದಿ ಅವನದು. ಹೇಳಬೇಕಾದದ್ದು ಇಷ್ಟೇ: ದೊಡ್ಡಮ್ಮ, ಇನ್ನು ಒಂದೂ ತೆಗೆಯಬೇಡಿ. ನಿನಗೆ ಹೇಗೆ ಗೊತ್ತು ಎಂದು ಅವರು ಕೇಳುತ್ತಾರೆ. ಅಲ್ಲಿಗೆ ಬಂದು ಅವನ ನಾಲಿಗೆ ನಿಂತಿತು. ಏಕೆಂದರೆ ಈ ಗುಂಪಿನಲ್ಲಿ ಅವನು ಕಂಪ್ಯೂಟರ್ ರಿಪೇರಿಯವನಲ್ಲ, ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡುವ ಸಾಹೇಬ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಹಿಂದಿನ ಗುಂಪೊಂದರಲ್ಲಿ ನಿಜ ಹೇಳಿ ಅನುಭವಿಸಿದ್ದ. ಅಲ್ಲಿ ಎರಡನೆಯ ವಾರಕ್ಕೇ ಜನ ಹಾಳಾದ ಮೌಸು, ಮರೆತ ಪಾಸ್‌ವರ್ಡು, ಸತ್ತ ಟ್ಯಾಬು ತರತೊಡಗಿದರು. ಅವರೆಲ್ಲ ಬೆಟ್ಟ ನೋಡುತ್ತಿದ್ದರೆ ಅವನು ಬಂಡೆಯ ಮೇಲೆ ಕುಳಿತು ಯಾರದೋ ಮಗಳ ಫೋನಿನ ವೈರಸ್ಸು ತೆಗೆಯುತ್ತಿದ್ದ. ಅದೆಲ್ಲ ಇರಲಿ, ಊಟಕ್ಕೆ ಕರೆದವರ ಮನೆಯಲ್ಲಿ ಕೂಡ ಮೊದಲು ವೈಫೈ ನೋಡು, ಆಮೇಲೆ ತಟ್ಟೆ. ಮಾವನ ಪ್ರಿಂಟರಂತೂ ಅವನು ಹೊಸ್ತಿಲು ದಾಟಿದಾಗಲೇ ಕೆಡುತ್ತದೆ. ವಾರವಿಡೀ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಮುಖ ಕಾಣದ ಜನರ ಕಂಪ್ಯೂಟರಿನೊಳಗೆ ದೂರದಿಂದಲೇ ನುಗ್ಗಿ, ಅವರ ಪರದೆಯ ಮೇಲೆ ಅವರ ಮಕ್ಕಳ ನಗುವನ್ನೂ ಓದದ ಪತ್ರಗಳ ರಾಶಿಯನ್ನೂ ನೋಡದವನಂತೆ ನೋಡಿ, ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂದು ಹೇಳಿ ಹೇಳಿ ಬಾಯಿ ಸವೆದವನಿಗೆ ಭಾನುವಾರ ಬೆಳಿಗ್ಗೆ ಎರಡು ಕಾಲು, ಒಂದು ಕ್ಯಾಮೆರಾ ಬಿಟ್ಟರೆ ಬೇರೇನೂ ಬೇಡವಾಗಿತ್ತು. ಹಾಗಾಗಿ ಮೇಷ್ಟ್ರು ಮೊದಲ ದಿನ ಏನು ಕೆಲಸ ಎಂದು ಕೇಳಿದಾಗ ಅವನ ಮನಸ್ಸು ಸರಸರ ಓಡಿತ್ತು. ಡಾಕ್ಟರೆಂದರೆ ಎಲ್ಲರೂ ನಾಲಿಗೆ ಚಾಚುತ್ತಾರೆ. ವಕೀಲನೆಂದರೆ ಅಣ್ಣತಮ್ಮಂದಿರ ವ್ಯಾಜ್ಯ ಬಿಚ್ಚುತ್ತಾರೆ. ಯಾರೂ ಏನನ್ನೂ ಕೇಳದ ಕೆಲಸ ಯಾವುದು? ಎದುರಿಗಿದ್ದ ಅಂಗಡಿಯಲ್ಲಿ ತಕ್ಕಡಿ ತೂಗಾಡುತ್ತಿತ್ತು. ಬಾಯಿಂದ ಅದೇ ಬಂದುಬಿಟ್ಟಿತು. ಮನೆಗೆ ಹೋಗಿ ಹೇಳಿದಾಗ ಹೆಂಡತಿ ಬಿದ್ದು ಬಿದ್ದು ನಕ್ಕಿದ್ದಳು. "ಇರಲಾರದೆ ಇರುವೆ ಬಿಟ್ಕೊಂಡ್ರಿ. ಯಾರಾದ್ರೂ ಅಂಗಡಿಯವರಿದ್ರೆ ಏನು ಗತಿ?"

ಇದ್ದ. ನಾಲ್ಕನೆಯವನೇ ಮೊಳೆ ಅಂಗಡಿಯವನು, ಮೊಳೆ ಮತ್ತು ತಂತಿಯನ್ನು ತೂಕದ ಲೆಕ್ಕದಲ್ಲಿ ಮಾರುವವನು. ಅವತ್ತಿನಿಂದ ಅವನಿಗೆ ಈ ಸಾಹೇಬನ ಮೇಲೆ ಎಲ್ಲಿಲ್ಲದ ಗೌರವ. ಚಹಾದಂಗಡಿಯಲ್ಲಿ ಬೆಂಚು ಒರೆಸಿ ಕೊಡುತ್ತಾನೆ. ಕೆಸರಿದ್ದ ಕಡೆ ಮುಂದೆ ಹೋಗಿ ಕಲ್ಲು ಹಾಕುತ್ತಾನೆ. ಒಂದು ಸಲ ಚೀಲ ಎತ್ತಿಕೊಡಲು ಬಂದವನು ಅದರ ಭಾರಕ್ಕೆ ಬೆಚ್ಚಿ, "ಇದರಲ್ಲಿ ತೂಕದ ಕಲ್ಲು ಇದಾವಾ ಸಾಹೇಬ್ರೆ? ಭಾನುವಾರ ಕೂಡ ಡ್ಯೂಟಿನಾ?" ಎಂದು ಪಿಸುಗುಟ್ಟಿದ್ದ. ಇವನು ಸುಮ್ಮನೆ ನಕ್ಕಿದ್ದ. ಆ ನಗೆ ಮೊಳೆ ಅಂಗಡಿಯವನಿಗೆ ಎಷ್ಟು ರಾತ್ರಿಯ ನಿದ್ದೆ ಕೆಡಿಸಿತ್ತೋ ಏನೋ.

ಈಗ ದೊಡ್ಡಮ್ಮ ಕಾಲುವೆಯ ಕಂಬಿಬೇಲಿಯನ್ನು ಹಿಡಿದು ನಡೆಯುತ್ತಿದ್ದರು. ಬೇಲಿ ಪೂರ್ತಿ ಸೊಟ್ಟಗಿತ್ತು. ಅವನು ಹಿಂದಿನಿಂದ ಅವರ ತೋರುಬೆರಳನ್ನೇ ನೋಡುತ್ತ ಬಂದ. ಅಷ್ಟೊಂದು ಮಕ್ಕಳನ್ನು ಲೋಕಕ್ಕೆ ಎಳೆದು ತಂದ ಬೆರಳು, ಗಂಟು ಗಂಟಾಗಿದೆ, ಗುಂಡಿಯ ಮೇಲೆ ಮಾತ್ರ ನಡುಗುವುದಿಲ್ಲ. ಆ ಬೆರಳು ಕೆಳಗಿಳಿದಾಗಲೆಲ್ಲ ಅವನು ಹಳೆಯದೊಂದು ಹೋಯಿತೆಂದು ಎಣಿಸಿಕೊಳ್ಳುತ್ತಿದ್ದ. ಹೇಳದೆಯೇ ನಿಲ್ಲಿಸಲು ನೋಡಿದ. "ಬಿಸಿಲು ಸರಿಯಿಲ್ಲ ದೊಡ್ಡಮ್ಮ, ಸ್ವಲ್ಪ ಹೊತ್ತು ಬಿಟ್ಟು ತೆಗೀರಿ," ಎಂದ.

"ಬಿಸಿಲು ಇವತ್ತು ಬೆಣ್ಣೆ ಹಂಗಿದೆ ಅಂತ ಈಗ ತಾನೆ ನೀನೇ ಹೇಳಿದ್ಯಲ್ಲ."

"ನನ್ನ ಕ್ಯಾಮೆರಾದಲ್ಲಿ ತೆಗೀರಿ. ಇದರ ಲೆನ್ಸು ಚೆನ್ನಾಗಿದೆ."

"ಬೇಡಪ್ಪ. ಸರ್ಕಾರದ ಮನುಷ್ಯನ ಸಾಮಾನು, ಬಿದ್ದು ಒಡೆದ್ರೆ ಯಾರು ಉತ್ತರ ಹೇಳ್ತಾರೆ?" ಎಂದು ಅವರು ಇವನ ಭುಜದ ಮೇಲಿಂದ ಹಿಂದೆ ನೋಡಿ, ಬಗ್ಗಿ ಷೂ ಲೇಸು ಕಟ್ಟಿಕೊಳ್ಳುತ್ತಿದ್ದ ಮೊಳೆ ಅಂಗಡಿಯವನ ಸೊಟ್ಟ ಬೆನ್ನನ್ನು ಫೋಟೋ ತೆಗೆದರು. ಮೇಷ್ಟ್ರು ಮುಂದಿನಿಂದ ಕೂಗಿ, ಅದ್ಭುತ ಎಂದರು. ಹೊಗಳಿಕೆಯಿಂದ ಹುಮ್ಮಸ್ಸು ಬಂದು ದೊಡ್ಡಮ್ಮ ಅದೇ ಬೆನ್ನನ್ನು ಇನ್ನೂ ಎರಡು ಕಡೆಯಿಂದ ತೆಗೆದರು. ಮೊಳೆ ಅಂಗಡಿಯವನ ಬೆನ್ನು ಯಾರ ಮೇಲೆ ಹೋಗಿ ಕೂತಿತು? ಯಾವ ವರ್ಷದ ಯಾವ ಮಧ್ಯಾಹ್ನದ ಮೇಲೆ?

ಅವನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಎಂಥ ಮನುಷ್ಯ ನಾನು, ಒಂದು ಬೆಳಗಿನ ಆರಾಮಕ್ಕೋಸ್ಕರ ಒಬ್ಬ ಮುದುಕಿಯ ಸಂಸಾರವನ್ನೇ ಕಣ್ಣೆದುರು ಅಳಿಸಿಹೋಗಲು ಬಿಡುತ್ತಿದ್ದೇನೆ. ಹಾಗೆ ಅಂದುಕೊಂಡ ಮರುಗಳಿಗೆಯೇ ಮನಸ್ಸು ವಕಾಲತ್ತಿಗೆ ನಿಂತಿತು. ಆರಾಮವೆಂದರೆ ಆರಾಮವೇ? ಸೋಮವಾರ ಕಚೇರಿಯಲ್ಲಿ ಮೊದಲ ಕರೆಗೆ, ನಮಸ್ಕಾರ, ಹೇಗೆ ಸಹಾಯ ಮಾಡಲಿ ಎಂದು ಅವನು ಬೇಸರವಿಲ್ಲದೆ ಹೇಳಬಲ್ಲನಾದರೆ ಅದು ಈ ಕಾಲುವೆಯ ದಯೆ. ಹೋದ ತಿಂಗಳು ಒಬ್ಬಳು, ನೀವೇನು ಮನುಷ್ಯರೋ ರೆಕಾರ್ಡೋ ಎಂದು ಬೈದಿದ್ದಳು. ಅವನು ಬೈಸಿಕೊಳ್ಳುತ್ತ, ಹಿಂದಿನ ಭಾನುವಾರ ತೆಗೆದ ನೀರಿನ ಟ್ಯಾಂಕಿನ ಏಣಿಯನ್ನು ನೆನೆಸಿಕೊಂಡು ಕೂತಿದ್ದ. ಆ ಏಣಿ ಇಲ್ಲದಿದ್ದರೆ ಅವತ್ತು ಏನು ಹೇಳಿಬಿಡುತ್ತಿದ್ದನೋ. ಒಮ್ಮೆ ಇವರಿಗೆ ಗೊತ್ತಾದರೆ ಮುಂದಿನ ವಾರವೇ ಮೇಷ್ಟ್ರು ಶಾಲೆಯ ಹಳೇ ಕಂಪ್ಯೂಟರುಗಳ ಕಥೆ ತೆಗೆಯುತ್ತಾರೆ. ಮತ್ತೆ ಬಂಡೆಯ ಮೇಲೆ ಕೂತು ವೈರಸ್ಸು. ಇರುವುದೊಂದು ಭಾನುವಾರ, ಅದೂ ಸೋಮವಾರದ ಬಾಯಿಗೆ ಹೋಗುತ್ತದೆ. ಹೀಗೆ ನುಂಗಲೂ ಆರದೆ ಉಗುಳಲೂ ಆರದೆ ಅವನು ಕಾಲುಸೇತುವೆಯ ಮೆಟ್ಟಿಲು ಹತ್ತಿದ.

ಸೇತುವೆಯ ನಡುವೆ ದೊಡ್ಡಮ್ಮ ದಣಿವಾರಿಸಿಕೊಳ್ಳಲು ನಿಂತರು. ನೀರು ಮೆಲ್ಲಗೆ ಹರಿಯುತ್ತಿತ್ತು. "ನಮ್ಮ ಯಜಮಾನರಿಗೆ ಒಂದೇ ಒಂದು ದೋಷ," ಎಂದರು, ಯಾರೂ ಕೇಳದೆಯೇ. "ಫೋಟೋದಲ್ಲಿ ಯಾವಾಗಲೂ ನನ್ನ ತಲೆ ಕತ್ತರಿಸಿಬಿಡೋರು. ತೆಗೆದದ್ದೆಲ್ಲ ಹಾಗೇ. ಪಾತ್ರೆ ತೊಳೆಯೋ ಕೈ ಇರುತ್ತೆ, ತಲೆ ಇಲ್ಲ. ಬಾಗಿಲಲ್ಲಿ ಚಪ್ಪಲಿ ಹಾಕ್ಕೋತಿದೀನಿ, ತಲೆ ಇಲ್ಲ. ಮುಖ ಏನು ದಿನಾ ನೋಡ್ತೀನಲ್ಲ, ಕೈ ನೋಡೋಕೆ ಪುರಸೊತ್ತೆಲ್ಲಿ ಅನ್ನೋರು. ಮಲಗೋ ಮುಂಚೆ ನಾನು ಅವನ್ನ ಒಂದಿಷ್ಟು ನೋಡ್ತೀನಿ. ನನ್ನ ಕೈ ಎಷ್ಟು ಚೆನ್ನಾಗಿತ್ತು ಮಾರಾಯ. ನಿನ್ನೆ ರಾತ್ರಿ ಕೂಡ ನೋಡಿದೆ." ಅವರು ಕ್ಯಾಮೆರಾವನ್ನು ಕಣ್ಣಿಗೆ ಎತ್ತಿದರು. ಕೆಳಗೆ ನೀರಿನಲ್ಲಿ ಸೇತುವೆಯ ನೆರಳು ಸೊಟ್ಟಗೆ ಅಲುಗಾಡುತ್ತಿತ್ತು. ಬೆರಳು ಗುಂಡಿಯ ಕಡೆಗೆ ಹೊರಟಿತು.

"ದಯವಿಟ್ಟು ಏನನ್ನೂ ಒತ್ತಬೇಡಿ."

ಅದು ಅವನ ಕಚೇರಿಯ ದನಿ, ಫೋನಿನಾಚೆ ಇರುವವರಿಗೆ ಮಾತ್ರ ಕೇಳಿಸುವಂಥದ್ದು. ಈ ಗುಂಪಿನಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಮೇಷ್ಟ್ರು ಸೇತುವೆಯ ಆ ತುದಿಯಲ್ಲಿ ನಿಂತು ತಿರುಗಿದರು. ದೊಡ್ಡಮ್ಮ ಬೆರಳನ್ನು ಗಾಳಿಯಲ್ಲೇ ಹಿಡಿದು ಅವನನ್ನು ನೋಡಿದರು. ಅವನು ಒಂದೇ ಉಸಿರಿಗೆ ಎಲ್ಲ ಹೇಳಿದ: ಕಾರ್ಡಿನ ವಿಷಯ, ಹೊಸದು ಹಳೆಯದರ ಮೇಲೆ ಕೂರುವ ವಿಷಯ, ಚೀಲದಲ್ಲಿರುವುದು ಲ್ಯಾಪ್‌ಟಾಪೆಂಬ ವಿಷಯ, ತನಗೆ ಮನೆಯ ಅಡುಗೆ ತಕ್ಕಡಿಯ ಹೊರತು ಇನ್ನಾವ ತಕ್ಕಡಿಯ ಗಂಧಗಾಳಿಯೂ ಇಲ್ಲವೆಂಬ ವಿಷಯ. ಮೊದಲು ಮಾತಾಡಿದವನು ಮೊಳೆ ಅಂಗಡಿಯವನು.

"ಹಾಗಾದ್ರೆ ನೀವು ಇನ್ಸ್‌ಪೆಕ್ಟರ್ ಅಲ್ವಾ?"

"ಅಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ."

ಮೊಳೆ ಅಂಗಡಿಯವನು ಸೇತುವೆಯ ಕಂಬಿಗೆ ಬೆನ್ನು ಕೊಟ್ಟು ಕೂತ. "ನಾನು ನಿಮಗೆ ಹೆದರಿ ಎರಡು ಹೊಸ ತಕ್ಕಡಿ ತಂದೆ ಕಣ್ರೀ. ಪ್ರತಿ ಗಿರಾಕಿಗೂ ಒಂದು ಹಿಡಿ ಮೊಳೆ ಜಾಸ್ತಿ ಹಾಕ್ತಿದ್ದೀನಿ. ನಮ್ಮಪ್ಪನ ಕಾಲದಿಂದ ಅಂಗಡಿಗೆ ಇಷ್ಟು ಒಳ್ಳೇ ಹೆಸರು ಬಂದಿರಲಿಲ್ಲ." ಬೈಯಬೇಕೋ ನಗಬೇಕೋ ತಿಳಿಯದೆ ಅವನು ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಆಗಲೇ ನಗುತ್ತಿದ್ದರು. ದೊಡ್ಡಮ್ಮ ಮಾತ್ರ ನಗಲಿಲ್ಲ. ಕ್ಯಾಮೆರಾವನ್ನು ಕುತ್ತಿಗೆಯಿಂದ ತೆಗೆದು, ಎರಡೂ ಕೈಯಿಂದ ಹಿಡಿದು ಸಾಹೇಬನಲ್ಲದ ಸಾಹೇಬನಿಗೆ ಕೊಟ್ಟರು. ಹಿಂದೆಂದೂ ಅವನ ಕೈಗೆ ಯಾರೂ ಯಾವ ಯಂತ್ರವನ್ನೂ ಹಾಗೆ ಕೊಟ್ಟಿರಲಿಲ್ಲ.

ಸೇತುವೆ ಇಳಿದರೆ ಚಹಾದಂಗಡಿ. ಬೆಂಚನ್ನು ಇವತ್ತು ಯಾರೂ ಒರೆಸಲಿಲ್ಲ. ಅವನೇ ತೋಳಿನಿಂದ ಒರೆಸಿ ಲ್ಯಾಪ್‌ಟಾಪು ಇಟ್ಟು, ಕಾರ್ಡು ಸಿಕ್ಕಿಸಿ, ಹುಡುಕಲು ಬಿಟ್ಟ. ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ತೆವಳತೊಡಗಿತು. ಕಚೇರಿಯಲ್ಲಿ ಇಂಥ ಪಟ್ಟಿಯನ್ನು ಎಷ್ಟು ಸಲ ನೋಡಿಲ್ಲ, ಆಕಳಿಸುತ್ತ, ಉಗುರು ಕತ್ತರಿಸಿಕೊಳ್ಳುತ್ತ. ಇವತ್ತು ಕಣ್ಣು ಮಿಟುಕಿಸಲಿಲ್ಲ. ಪಕ್ಕದಲ್ಲಿ ಚಹಾ ಆರಿಹೋಯಿತು. ಆಮೇಲೆ ಬರತೊಡಗಿದವು, ಚಿಕ್ಕ ಚಿಕ್ಕ ಚೌಕಗಳಾಗಿ: ಟೊಮೆಟೊ ಹೆಚ್ಚುವ ಕೈ, ಗುಂಡಿ ಹೊಲಿಯುವ ಕೈ, ಕಿಟಕಿಯ ಗಾಜಿಗೆ ಒತ್ತಿದ ಕೈ, ಮಳೆಯಲ್ಲಿ ಕೊಡೆ ಬಿಡಿಸಲು ಒದ್ದಾಡುವ ಕೈ. ಒಂದಕ್ಕೂ ತಲೆಯಿಲ್ಲ. ಮೇಷ್ಟ್ರು ಅವನ ಹೆಗಲ ಮೇಲೆ ಬಗ್ಗಿ ನೋಡುತ್ತ, ತಮ್ಮಷ್ಟಕ್ಕೇ, "ಈ ಮನುಷ್ಯ ನಮ್ಮ ಗುಂಪಿನಲ್ಲಿ ಇರಬೇಕಿತ್ತು," ಎಂದರು. ದೊಡ್ಡಮ್ಮ ಪ್ರತಿಯೊಂದಕ್ಕೂ ಹೂಂ, ಹೂಂ ಎನ್ನುತ್ತಿದ್ದರು, ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗುವಂತೆ.

ಕೆಲವು ಬರಲಿಲ್ಲ. ಒಂದು ಅರ್ಧ ಬಂತು. ಮೇಲಿನ ಅರ್ಧದಲ್ಲಿ ದೊಡ್ಡಮ್ಮನ ಮುಖ, ಕೂದಲು ಇನ್ನೂ ಕಪ್ಪಗಿದ್ದ ಕಾಲದ್ದು, ಯಾರದೋ ಮಾತಿಗೆ ನಗುತ್ತಿರುವುದು. ಕುತ್ತಿಗೆಯಿಂದ ಕೆಳಗೆ ಬರೀ ಬೂದು ಬಣ್ಣ.

ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ನೋಡ್ದ್ಯಾ, ಒಂದೇ ಒಂದು ಸಲ ತಲೆ ಸಮೇತ ತೆಗೆದಿದ್ದಾರೆ," ಎಂದರು. "ನನಗೇ ಮರೆತುಹೋಗಿತ್ತು."

ಅವನಿಗೆ ತಡೆಯಲಾಗಲಿಲ್ಲ. "ಉಳಿದರ್ಧ ಹೋಗಿದ್ದು ನನ್ನಿಂದ ದೊಡ್ಡಮ್ಮ. ಸೈಕಲ್ ಚಕ್ರದ ಹತ್ತಿರಾನೇ ನನಗೆ ಗೊತ್ತಿತ್ತು. ಹೇಳದೆ ಸೇತುವೆ ತನಕ ಬಂದೆ. ಹೇಳಿದರೆ ನನ್ನ ಭಾನುವಾರ ಹೋಗುತ್ತೆ ಅಂತ ಹೆದರಿದೆ."

ದೊಡ್ಡಮ್ಮ ಪರದೆಯಿಂದ ಕಣ್ಣು ತೆಗೆಯದೆಯೇ ಹೇಳಿದರು. "ಹೆರಿಗೆ ಕೋಣೆಗೆ ತಡವಾಗಿ ಓಡಿಬಂದ ಡಾಕ್ಟರನ್ನ ನಾವ್ಯಾರೂ ಬಾಗಿಲಲ್ಲಿ ನಿಲ್ಲಿಸಿ ಯಾಕೆ ತಡ ಅಂತ ಕೇಳ್ತಿರಲಿಲ್ಲ. ಮೊದಲು ಕೈ ತೊಳ್ಕೊಳ್ಳಿ ಅಂತಿದ್ವಿ. ಬೈಯೋದು ಮಗು ಅತ್ತ ಮೇಲೆ." ಆಮೇಲೆ ಅವನ ಕಡೆ ತಿರುಗಿದರು. "ಈಗ ಮಗು ಅತ್ತಾಯ್ತು. ಬೈಲಾ?"

"ಬೈಯಿರಿ."

"ಪೆದ್ದ," ಎಂದರು ದೊಡ್ಡಮ್ಮ. ಅಷ್ಟೇ ಬೈದದ್ದು. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು.

ಆ ಕಾರ್ಡನ್ನು ಇನ್ನು ಮುಟ್ಟುವಂತಿಲ್ಲವಾದ್ದರಿಂದ ಅವನು ತನ್ನ ಕ್ಯಾಮೆರಾದ ಕಾರ್ಡನ್ನೇ ತೆಗೆದು ಅವರ ಕ್ಯಾಮೆರಾಕ್ಕೆ ಹಾಕಿಕೊಟ್ಟ. ಜಾಗ ಇಲ್ಲ ಎಂದರೆ ಏನು ಒತ್ತಬೇಕು, ಏನು ಒತ್ತಬಾರದು ಎಂದು ತೋರಿಸಿದ. ಅವರೂ ಮೇಷ್ಟ್ರೂ ಗಂಭೀರವಾಗಿ ಕೇಳಿಸಿಕೊಂಡರು. ಕೇಳಿಸಿಕೊಳ್ಳುತ್ತಲೇ ಮೇಷ್ಟ್ರ ಕೈ ಮೆಲ್ಲಗೆ ತಮ್ಮ ಜೇಬಿಗೆ ಹೋಗಿ, ಒಡೆದ ಗಾಜಿನ ಫೋನೊಂದನ್ನು ಅರ್ಧ ಹೊರಗೆ ತಂದದ್ದು ಅವನಿಗೆ ಕಂಡಿತು. ಬಂತು, ಅಂದುಕೊಂಡ. ಅಷ್ಟರಲ್ಲಿ ಅವನದೇ ಫೋನು ಹೊಡೆದುಕೊಂಡಿತು. ಕಚೇರಿಯ ಕರೆ. ಇಂಥ ಹೊತ್ತಿನಲ್ಲಿ ಅವನು ಯಾವಾಗಲೂ ಫೋನನ್ನು ಜೇಬಿನಲ್ಲೇ ಅದುಮಿ, ಹೊಟ್ಟೆ ಸರಿಯಿಲ್ಲವೆಂದೋ ಏನೋ ನೆಪ ಹೇಳಿ ಮರೆಗೆ ಓಡುತ್ತಿದ್ದ. ಹೊಟ್ಟೆ ಸರಿಯಿಲ್ಲದ ಸಾಹೇಬನೆಂದು ಮೊಳೆ ಅಂಗಡಿಯವನು ಅವನಿಗೆ ಒಮ್ಮೆ ಔಷಧಿಯನ್ನೂ ತಂದಿದ್ದ. ಇವತ್ತು ಓಡಬೇಕಾದ ಕಾರಣವೇ ಇರಲಿಲ್ಲ. ಲ್ಯಾಪ್‌ಟಾಪನ್ನು ಚೀಲಕ್ಕೆ ಸೇರಿಸಿ ಬೆನ್ನಿಗೇರಿಸಿ, ಎಲ್ಲರೆದುರೇ ಫೋನೆತ್ತಿ, "ನಮಸ್ಕಾರ, ಹೇಗೆ ಸಹಾಯ ಮಾಡಲಿ?" ಎಂದ. ಮೇಷ್ಟ್ರು ಮರ್ಯಾದೆಯಿಂದ ತಮ್ಮ ಫೋನನ್ನು ಜೇಬಿಗೆ ಹಿಂದಕ್ಕೆ ಸೇರಿಸಿ ನಡೆಯತೊಡಗಿದರು. ಉಳಿದವರೂ ಹೊರಟರು. ಅವನು ಕಿವಿಗೆ ಫೋನಿಟ್ಟುಕೊಂಡೇ ಅವರ ಹಿಂದೆ ನಡೆದ.

ಯಾವುದೋ ಔಷಧದ ಗೋದಾಮಿನಿಂದ ಒಬ್ಬ ಹೆಂಗಸಿನ ದನಿ. ಪೆಟ್ಟಿಗೆಗೆ ಅಂಟಿಸುವ ಚೀಟಿ ಮುದ್ರಿಸುವ ಯಂತ್ರ ನಿಂತುಬಿಟ್ಟಿದೆ, ಲಾರಿ ಹೊರಗೆ ಕಾಯುತ್ತಿದೆ, ತಾನೊಬ್ಬಳೇ ಇದ್ದೇನೆ ಎಂದಳು. ಅವಳ ದನಿ ಅಳುವ ಹತ್ತಿರ ಬಂದಿತ್ತು. ಅವನು ನಡೆಯುತ್ತಲೇ ಹೇಳಿಕೊಟ್ಟ. ಮುಚ್ಚಳ ತೆಗೆಯಿರಿ. ಒಳಗೆ ಒಂದು ಬಿಳಿ ಚಕ್ರ ಇದೆಯಲ್ಲ, ಅದಕ್ಕೆ ಚೀಟಿ ಸುತ್ತಿಕೊಂಡಿರಬಹುದು, ಅವಸರ ಮಾಡಬೇಡಿ, ಲಾರಿ ಕಾಯಲಿ. ಕಾಲುವೆಯ ಆಚೆ ಯಾವುದೋ ಹಕ್ಕಿ ಒಂದೇ ಸಮನೆ ಜಗಳವಾಡುತ್ತಿತ್ತು. ಮುಂದೆ ದೊಡ್ಡಮ್ಮ ಹೊಸ ಕಾರ್ಡಿನ ಹುರುಪಿನಲ್ಲಿ ಒಂದು ಸೊಟ್ಟ ಮರದ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು, ಮೊಳೆ ಅಂಗಡಿಯವನು ಅವರ ಚೀಲ ಹಿಡಿದುಕೊಂಡಿದ್ದ. ಇವನ ಕ್ಯಾಮೆರಾದಲ್ಲಿ ಕಾರ್ಡಿರಲಿಲ್ಲ, ಕಣ್ಣಿಗೆ ಬೇರೆ ಕೆಲಸವಿರಲಿಲ್ಲ, ಸುಮ್ಮನೆ ನೋಡಿದ. ಫೋನಿನಾಚೆ ಏನೋ ಪಟ್ಟೆಂದು ಬಿಡಿಸಿಕೊಂಡ ಸದ್ದು, ಆಮೇಲೆ ಚೀಟಿಗಳು ಕರಕರನೆ ಹೊರಬರುವ ಸದ್ದು.

"ಬಂತು," ಎಂದಳು ಅವಳು. ಉಸಿರು ಬಿಟ್ಟಳು.

"ಇನ್ನೇನಾದರೂ ಸಹಾಯ ಬೇಕಿತ್ತೇ?" ಕರೆ ಮುಗಿಸುವ ಮುಂಚೆ ಕಡ್ಡಾಯವಾಗಿ ಕೇಳಬೇಕಾದ ಮಾತು ಅದು. ಈವರೆಗೆ ಯಾರೂ ಅದಕ್ಕೆ ಬೇಕು ಎಂದು ಹೇಳಿದ್ದಿಲ್ಲ.

ಅವಳು ಬೇರೆಯದನ್ನೇ ಕೇಳಿದಳು. "ನೀವು ಎಲ್ಲೋ ನಡೀತಾ ಇದೀರಿ ಅಲ್ವಾ? ಹಕ್ಕಿ ಕೇಳಿಸ್ತಿತ್ತು."

ಅವನಿಗೆ ಗಾಬರಿಯಾಯಿತು. ದೂರು ಹೋದರೆ? ಸುಳ್ಳು ನಾಲಿಗೆಯ ತುದಿಗೆ ಬಂತು. ಕಿಟಕಿಯ ಹತ್ತಿರ ಕೂತಿದ್ದೇನೆ ಎಂದರೆ ಆಯಿತು. "ಹೌದು," ಎಂದ. "ಕಾಲುವೆ ಪಕ್ಕ. ಭಾನುವಾರ ನಾವು ನಾಲ್ಕು ಜನ ನಡೀತೀವಿ."

"ಇಲ್ಲಿ ನೆಲಮಾಳಿಗೆ. ಒಂದು ಕಿಟಕಿನೂ ಇಲ್ಲ. ಇದೆಲ್ಲ ಮುದ್ರಣ ಆಗೋಕೆ ಇನ್ನೂ ಸ್ವಲ್ಪ ಹೊತ್ತು ಬೇಕು." ಅವಳು ಮೆಲ್ಲಗೆ ಕೇಳಿಕೊಂಡಳು. "ಮಾತೇನೂ ಆಡಬೇಡಿ. ಫೋನ್ ಮಾತ್ರ ಇಡಬೇಡಿ. ಹಾಗೇ ಸ್ವಲ್ಪ ದೂರ ನಡೀರಿ."

ಅವನು ಫೋನನ್ನು ಅಂಗಿಯ ಜೇಬಿನಲ್ಲಿ, ಅದರ ಬಾಯಿ ಹೊರಗಿರುವಂತೆ ಇಟ್ಟುಕೊಂಡು, ಡಾಂಬರು ಬಿಟ್ಟು, ಹೆಜ್ಜೆ ಸದ್ದಾಗುವ ಜಲ್ಲಿಕಲ್ಲಿನ ದಾರಿಗೆ ಇಳಿದ.